ಹಿಪ್ಪುನೇರಳೆಯ ಚಿಹ್ನೆ ಹಿಡಿದು ಹೊರಟರೆ: ಚೀನೀ ಲಿಪಿಚಿಹ್ನೆಯೊಂದರ ಅರ್ಥ ಮತ್ತು ಮೂಲವನ್ನು ಹುಡುಕುವ ಕ್ರಮ

ಶಿಡ್ಲಘಟ್ಟದ ಕಡೆಯ ರೀಲಿಂಗ್ ಘಟಕಗಳಿಗೆ ಚೀನಾದ ಸ್ವಯಂಚಾಲಿತ ಯಂತ್ರಗಳು ಬಂದಿವೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಜಪಾನ್ ಮೂಲದ ಕಾರ್ಖಾನೆಯಿದೆ. ಹೀಗಾಗಿ ಚೀನೀ ಲಿಪಿಯ ಬರಹ ನಮ್ಮ ಜಿಲ್ಲೆಗಳಲ್ಲಿ ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಯಂತ್ರದ ಮೇಲಿನ ತಗಡಿನಲ್ಲಿಯೋ ಬಿಡಿಭಾಗದ ಪೆಟ್ಟಿಗೆಯ ಮೇಲೋ ಕಂಡ ಚಿಹ್ನೆಯೊಂದಕ್ಕೆ ಮೊಬೈಲ್ ಹಿಡಿದರೆ ಒಂದು ಪದದ ಅನುವಾದವೇನೋ ತಕ್ಷಣ ಸಿಗುತ್ತದೆ. ಆದರೆ ಆ ಚಿಹ್ನೆಗೆ ಆ ಅರ್ಥ ಹೇಗೆ ಬಂತು, ಅದನ್ನೇ ಜಪಾನಿನವರು, ಕೊರಿಯಾದವರು, ವಿಯೆಟ್ನಾಮಿನವರು ಏನೆಂದು ಓದುತ್ತಾರೆ, ಎಲ್ಲೆಲ್ಲಿ ಅರ್ಥ ಬೇರೆಯಾಗಿದೆ ಎಂದು ತಿಳಿಯಲು ಒಂದು ಕ್ರಮ ಬೇಕು. ಆ ಕ್ರಮವನ್ನು ಒಂದೇ ಚಿಹ್ನೆಯ ಮೇಲೆ ಪ್ರಯೋಗಿಸಿ ತೋರಿಸುವುದು ಈ ಬರಹದ ಉದ್ದೇಶ.

ಉದಾಹರಣೆಗೆ ಹಿಪ್ಪುನೇರಳೆಯ ಚಿಹ್ನೆಯನ್ನು ಆರಿಸಿಕೊಂಡಿದ್ದೇನೆ. ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಓದುಗರಿಗೆ ಈ ಗಿಡವನ್ನು ಪರಿಚಯಿಸಬೇಕಾಗಿಲ್ಲ. ಸೊಪ್ಪು ಕಡಿದು, ಹುಳುವಿಗೆ ಹಾಕಿ, ಗೂಡನ್ನು ಮಾರುಕಟ್ಟೆಗೆ ಒಯ್ದ ಮನೆಗಳವರಿಗೆ ಈ ಚಿಹ್ನೆಯ ಬಗ್ಗೆ ಯಾರಾದರೂ ಹೇಳುವ ಕಥೆ ನಂಬತಕ್ಕದ್ದೋ ಅಲ್ಲವೋ ಎಂದು ತೂಗಿ ನೋಡುವ ಅನುಭವ ಈಗಾಗಲೇ ಇದೆ.

ಕ್ರಮದ ಮೊದಲ ನಿಯಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಪ್ರತಿಯೊಂದು ಚೀನೀ ಚಿಹ್ನೆಗೂ ರೂಪ, ಉಚ್ಚಾರ, ಅರ್ಥ ಎಂಬ ಮೂರು ಬೇರೆ ಬೇರೆ ಚರಿತ್ರೆಗಳಿವೆ. ಇವು ಮೂರೂ ಒಂದೇ ಕಾಲದಲ್ಲಿ, ಒಂದೇ ದಾರಿಯಲ್ಲಿ ಸಾಗಿ ಬಂದಿಲ್ಲ. ಇಂದಿನ ರೂಪವನ್ನು ನೋಡಿ ಹಳೆಯ ಅರ್ಥವನ್ನು ಊಹಿಸುವುದು, ಒಂದು ಭಾಷೆಯ ಉಚ್ಚಾರದಿಂದ ಇನ್ನೊಂದು ಭಾಷೆಯ ಅರ್ಥವನ್ನು ಕಟ್ಟುವುದು, ಇವೇ ಜಾಲತಾಣಗಳಲ್ಲಿ ಹರಿದಾಡುವ ತಪ್ಪು ವಿವರಣೆಗಳಲ್ಲಿ ಬಹುಪಾಲಿಗೆ ಕಾರಣ.

ಚಿಹ್ನೆಯನ್ನು ಕೈಗೆ ತಂದುಕೊಳ್ಳುವುದು

ಹುಡುಕಾಟಕ್ಕೆ ಚಿತ್ರ ಸಾಲದು, ನಕಲು ಮಾಡಿ ಅಂಟಿಸಬಹುದಾದ ಚಿಹ್ನೆಯೇ ಬೇಕು. ಮೊಬೈಲಿನ ಕೀಲಿಮಣೆಗೆ ಚೀನೀ ಅಥವಾ ಜಪಾನೀ ಕೈಬರಹದ ಸೌಲಭ್ಯವನ್ನು ಸೇರಿಸಿಕೊಂಡು ಬೆರಳಿನಿಂದ ಬರೆದರೆ ಅದು ಸಿಗುತ್ತದೆ. ಬರೆಯುವಾಗ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಎಂಬ ಕ್ರಮವನ್ನು ಪಾಲಿಸಿದರೆ ಗುರುತಿಸುವಿಕೆ ಹೆಚ್ಚು ನಿಖರವಾಗಿರುತ್ತದೆ. ಹಿಪ್ಪುನೇರಳೆಯ ಚಿಹ್ನೆಯಲ್ಲಿ ಕೆಳಗಡೆ ಒಂದು ಮರವಿದೆ: ಒಂದು ಅಡ್ಡಗೆರೆ, ಅದನ್ನು ಸೀಳಿ ಇಳಿಯುವ ಒಂದು ಉದ್ದಗೆರೆ, ಎರಡೂ ಕೂಡುವಲ್ಲಿಂದ ಎಡಕ್ಕೊಂದು ಬಲಕ್ಕೊಂದು ಓರೆಗೆರೆ. ಅದರ ತಲೆಯ ಮೇಲೆ ಒಂದೇ ಬಗೆಯ ಮೂರು ಸಣ್ಣ ಆಕೃತಿಗಳಿವೆ, ಮೇಲೆ ಒಂದು, ಅದರ ಕೆಳಗೆ ಅಕ್ಕಪಕ್ಕದಲ್ಲಿ ಎರಡು. ಒಂದೊಂದಕ್ಕೂ ಎರಡು ಗೆರೆ. ಒಟ್ಟು ಹತ್ತು ಗೆರೆಗಳು.

ಗಣಕಯಂತ್ರ ಬಳಸುವವರಿಗೆ ಇನ್ನೂ ಸುಲಭದ ದಾರಿಯಿದೆ. ಯೂನಿಕೋಡ್ ಪಟ್ಟಿಯಲ್ಲಿ ಈ ಚಿಹ್ನೆಯ ಸಂಖ್ಯೆ 6851. ವಿಂಡೋಸ್‌ನ ವರ್ಡ್ ಕಡತದಲ್ಲಿ 6851 ಎಂದು ಬರೆದು ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಂಕಿಗಳು ಮಾಯವಾಗಿ ಚಿಹ್ನೆ ಮೂಡುತ್ತದೆ. ಮುಂದಿನದನ್ನು ಓದುವ ಮೊದಲು ಒಮ್ಮೆ ಹೀಗೆ ಮಾಡಿ, ಅಕ್ಷರದ ಗಾತ್ರವನ್ನು ದೊಡ್ಡದಾಗಿಸಿ ನೋಡಿಕೊಳ್ಳುವುದು ಒಳ್ಳೆಯದು.

ರೂಪದ ಚರಿತ್ರೆ

ಮೊದಲು ನಿಘಂಟಿನಲ್ಲಿ ಚಿಹ್ನೆ ಯಾವ ವರ್ಗಕ್ಕೆ ಸೇರುತ್ತದೆ ಎಂದು ನೋಡಬೇಕು. ಚಕ್ರವರ್ತಿ ಕಾಂಗ್‌ಶಿಯ ಆಜ್ಞೆಯಂತೆ ಸಿದ್ಧವಾಗಿ 1716ರಲ್ಲಿ ಹೊರಬಂದ ನಿಘಂಟು 47,000ಕ್ಕೂ ಹೆಚ್ಚು ಚಿಹ್ನೆಗಳನ್ನು 214 ಮೂಲಾಂಗಗಳ, ಅಂದರೆ ಹಲವು ಚಿಹ್ನೆಗಳಲ್ಲಿ ಮತ್ತೆ ಮತ್ತೆ ಬರುವ ಭಾಗಗಳ, ಕೆಳಗೆ ಜೋಡಿಸಿತು, ಆ ವಿಂಗಡಣೆಯೇ ಇಂದಿಗೂ ಬಳಕೆಯಲ್ಲಿದೆ. ಹಿಪ್ಪುನೇರಳೆ ಅದರಲ್ಲಿ 75ನೆಯ ಮೂಲಾಂಗವಾದ ಮರದ ಕೆಳಗೆ, ಉಳಿದ ಆರು ಗೆರೆಗಳ ಗುಂಪಿನಲ್ಲಿ ಸಿಗುತ್ತದೆ. ಆದರೆ ಮೂಲಾಂಗವೆಂದರೆ ಚಿಹ್ನೆಯನ್ನು ಹುಡುಕಲು ಮಾಡಿಕೊಂಡ ಏರ್ಪಾಡು ಮಾತ್ರ. ಚಿಹ್ನೆಯ ಹುಟ್ಟಿಗೆ ಅದು ಸಾಕ್ಷಿಯಲ್ಲ.

ಈಗ ಮರದ ಮೇಲಿನ ಆ ಮೂರು ಆಕೃತಿಗಳಿಗೆ ಬರೋಣ. ಆ ಆಕೃತಿಯನ್ನು ಒಂಟಿಯಾಗಿ ಬರೆದರೆ ಇಂದಿನ ಚೀನೀ ಭಾಷೆಯಲ್ಲಿ 'ಮತ್ತೆ' ಎಂಬ ಅರ್ಥ, ಆದರೆ ಪ್ರಾಚೀನ ಕಾಲದಲ್ಲಿ ಅದು ಬಲಗೈಯ ಚಿತ್ರವಾಗಿತ್ತು. ಹಾಗಾಗಿ 'ಮರದಿಂದ ಸೊಪ್ಪು ಕೀಳುತ್ತಿರುವ ಮೂರು ಕೈಗಳು, ಅದೇ ಹಿಪ್ಪುನೇರಳೆ' ಎಂಬ ವಿವರಣೆಯನ್ನು ಹಲವರು ಕೊಡುತ್ತಾರೆ. ಸೊಪ್ಪು ಬಿಡಿಸುವ ಕೆಲಸವನ್ನು ಬಲ್ಲ ನಮಗೆ ಇದು ಎಷ್ಟು ಒಪ್ಪುತ್ತದೆಂದರೆ ಪರೀಕ್ಷಿಸಬೇಕೆಂದೇ ಅನ್ನಿಸುವುದಿಲ್ಲ. ಅಂಥ ಕಡೆಯೇ ನಿಂತು ಹಳೆಯ ರೂಪವನ್ನು ನೋಡಬೇಕು.

ಕೈಗೆ ಸಿಗುವ ಅತ್ಯಂತ ಹಳೆಯ ರೂಪಗಳು ಶಾಂಗ್ ರಾಜವಂಶದ ಕೊನೆಯ ರಾಜಧಾನಿಯಾಗಿದ್ದ, ಇಂದಿನ ಆನ್‌ಯಾಂಗ್ ಬಳಿ ದೊರೆತ ಶಕುನದ ಮೂಳೆಗಳ ಮೇಲಿವೆ. ದನದ ಭುಜದ ಮೂಳೆ ಮತ್ತು ಆಮೆಯ ಎದೆಚಿಪ್ಪನ್ನು ಕಾಯಿಸಿ, ಬಿಟ್ಟ ಬಿರುಕುಗಳನ್ನು ನೋಡಿ ಶಕುನ ಹೇಳಿ, ಕೇಳಿದ ಪ್ರಶ್ನೆಯನ್ನು ಅದರ ಮೇಲೆಯೇ ಕೊರೆದಿಡುವ ಪದ್ಧತಿ ಅಲ್ಲಿತ್ತು. ಸುಮಾರು ಕ್ರಿ.ಪೂ. 1250ರಿಂದ ಈಚಿನ ಈ ಬರಹಗಳನ್ನು 1899ರಲ್ಲಿ ವಾಂಗ್ ಯೀರೋಂಗ್ ಎಂಬ ವಿದ್ವಾಂಸ ಗುರುತಿಸಿದರೆಂದು ಚರಿತ್ರೆಕಾರರು ಹೇಳುತ್ತಾರೆ. ಆ ಮೂಳೆಗಳ ಮೇಲೆ ಹಿಪ್ಪುನೇರಳೆಯ ಚಿಹ್ನೆಯಿದೆ, ಆದರೆ ಅದರಲ್ಲಿ ಕೈಗಳಿಲ್ಲ. ಬೇರು, ಕಾಂಡ, ಮೇಲಕ್ಕೆ ಕವಲೊಡೆದ ರೆಂಬೆಗಳು, ರೆಂಬೆಗಳ ತುದಿಯಲ್ಲಿ ಸೊಪ್ಪು, ಇಷ್ಟೇ ಇರುವ ಇಡೀ ಮರದ ಚಿತ್ರ ಅದು. ಮುಂದಿನ ಶತಮಾನಗಳಲ್ಲಿ ಬರವಣಿಗೆ ವೇಗ ಪಡೆದಂತೆ, ಚಿತ್ರಗಳು ಗೆರೆಗಳಾದಂತೆ, ಆ ಕವಲುಗಳು ಕಾಂಡದಿಂದ ಬಿಡಿಬಿಡಿಯಾಗಿ, ಹೋಲಿಕೆಯಿದ್ದ ಕೈಯ ಆಕೃತಿಗೆ ಬದಲಾದವು. ಇಂದು ನಾವು ಕೈಯೆಂದು ನೋಡುತ್ತಿರುವುದು ಹಿಂದೆ ಸೊಪ್ಪಿನ ಕವಲಾಗಿತ್ತು. ಈ ಮೂಲರೂಪ ಅನೇಕರಿಗೆ ವಿಚಿತ್ರವೆನಿಸಬಹುದು, ಏಕೆಂದರೆ ನಮ್ಮ ಕಡೆ ಬಹುತೇಕ ತೋಟಗಳಲ್ಲಿ ವಿ-1 ತಳಿಯನ್ನು ಸಾಲಾಗಿ ನೆಟ್ಟು ಬುಡಕ್ಕೆ ಕಡಿಯುತ್ತಾ ಪೊದೆಯಂತೆ ಇಟ್ಟಿರುತ್ತಾರೆ. ಹಿಪ್ಪುನೇರಳೆಯನ್ನು ಎತ್ತರದ ಮರವಾಗಿ ಬೆಳೆಸಿರುವ ಹೊಲವನ್ನು ಕಂಡವರು ಮೂಳೆಯ ಮೇಲಿನ ಚಿತ್ರವನ್ನು ಕೂಡಲೇ ಗುರುತಿಸಬಲ್ಲರು.

ಹಳೆಯ ನಿಘಂಟುಕಾರರನ್ನು ಓದುವಾಗಲೂ ಅವರ ಮುಂದೆ ಏನಿತ್ತು, ಏನಿರಲಿಲ್ಲ ಎಂದು ಕೇಳಿಕೊಳ್ಳಬೇಕು. ಚೀನೀ ಚಿಹ್ನೆಗಳ ರಚನೆಯನ್ನು ವಿವರಿಸುವ ಮೊದಲ ದೊಡ್ಡ ಗ್ರಂಥ ಶೂ ಶೆನ್ ರಚಿಸಿದ 'ಶುವೋವೆನ್ ಜ್ಯೆಜಿ'. ಅದು ಕ್ರಿ.ಶ. 100ರಲ್ಲಿ ಮುಗಿದು 121ರಲ್ಲಿ ಚಕ್ರವರ್ತಿಗೆ ಅರ್ಪಿತವಾಯಿತು. 9,353 ಚಿಹ್ನೆಗಳು 540 ವರ್ಗಗಳಲ್ಲಿವೆ. ಹಿಪ್ಪುನೇರಳೆಗೆ ಅದು ಕೊಡುವ ಅರ್ಥ ನೇರವಾಗಿದೆ: 'ರೇಷ್ಮೆಹುಳು ತಿನ್ನುವ ಎಲೆಯ ಮರ'. ಆದರೆ ಮೇಲಿನ ಮೂರು ಆಕೃತಿಗಳನ್ನು ಶೂ ಶೆನ್ ಪ್ರತ್ಯೇಕ ಚಿಹ್ನೆಯೆಂದು ಎಣಿಸಿ, ಪೂರ್ವದಿಕ್ಕಿನಲ್ಲಿ ಸೂರ್ಯ ಹುಟ್ಟುವಾಗ ಏರಿ ಬರುವ ಪುರಾಣದ ಮರವೊಂದರ ಹೆಸರಾಗಿ ವಿವರಿಸುತ್ತಾರೆ. ಅವರ ಕಾಲಕ್ಕೆ ಶಕುನದ ಮೂಳೆಗಳು ಮಣ್ಣಿನೊಳಗಿದ್ದವು. ಅವರು ನೋಡಿದ್ದು ಆಗಲೇ ಕವಲು ಮುರಿದು ಬದಲಾಗಿದ್ದ ರೂಪವನ್ನು. ಆದ್ದರಿಂದ ಅರ್ಥದ ವಿಷಯದಲ್ಲಿ ಶೂ ಶೆನ್‌ರನ್ನು ಗೌರವದಿಂದ ನಂಬಬಹುದು. ರಚನೆಯ ವಿಷಯದಲ್ಲಿ ಮಾತ್ರ ಮೂಳೆಯ ರೂಪದೊಂದಿಗೆ ಹೋಲಿಸದೆ ಒಪ್ಪಬಾರದು. ಹೋಲಿಸಿ ನೋಡಲು ಹಾಂಗ್‌ಕಾಂಗ್‌ನ ಚೈನೀಸ್ ವಿಶ್ವವಿದ್ಯಾಲಯದ ಚಿಹ್ನೆಗಳ ದತ್ತಸಂಚಯ ಒಳ್ಳೆಯ ಆಸರೆ. ವಿಕ್ಷನರಿಯ ಪುಟಗಳಲ್ಲಿಯೂ ಹಳೆಯ ರೂಪಗಳ ಚಿತ್ರಗಳು ಸಿಗುತ್ತವೆ.

ಇದೇ ಚಿಹ್ನೆಗೆ ಇನ್ನೊಂದು ಬರಹರೂಪವೂ ಇದೆ. ಅದನ್ನು ಬಿಡಿಸಿದರೆ ನಾಲ್ಕು ಬಾರಿ 'ಹತ್ತು', ಒಂದು ಬಾರಿ 'ಎಂಟು' ಕಾಣುತ್ತದೆ, ಅದರಿಂದ 'ಹಿಪ್ಪುನೇರಳೆಯ ವಯಸ್ಸು' ಎಂದರೆ 48 ವರ್ಷ ಎಂಬ ಪ್ರಯೋಗ ಹುಟ್ಟಿದೆ. ಇದು ಸೊಗಸಾದ ಅಕ್ಷರದಾಟ, ಚಿಹ್ನೆಯ ಮೂಲಕ್ಕೂ ಇದಕ್ಕೂ ಸಂಬಂಧವಿಲ್ಲ.

ಉಚ್ಚಾರದ ಚರಿತ್ರೆ

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಿರಬೇಕು. ಜಪಾನೀ, ಕೊರಿಯನ್, ವಿಯೆಟ್ನಾಮೀ ಭಾಷೆಗಳು ಚೀನೀ ಭಾಷೆಯಿಂದ ಹುಟ್ಟಿದವಲ್ಲ. ಅವು ಚೀನಾದಿಂದ ಲಿಪಿಯನ್ನೂ ಅದರೊಂದಿಗೆ ಸಾವಿರಾರು ಪದಗಳನ್ನೂ ಪಡೆದವು, ತಮ್ಮ ಸ್ವಂತ ಪದಗಳನ್ನೂ ಉಳಿಸಿಕೊಂಡವು. ಹಾಗಾಗಿ ಒಂದೇ ಚಿಹ್ನೆಗೆ ಎರಡು ಬಗೆಯ ಓದು ಬರುತ್ತದೆ. ಕನ್ನಡದಲ್ಲಿ 108 ಎಂಬ ಅಂಕಿಯನ್ನು ಸಂತೆಯಲ್ಲಿ ನೂರೆಂಟು ಎಂದೂ ದೇವಸ್ಥಾನದಲ್ಲಿ ಅಷ್ಟೋತ್ತರ ಶತ ಎಂದೂ ಓದುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹಿಪ್ಪುನೇರಳೆಯ ಚಿಹ್ನೆಗೆ ಚೀನಾದ ಮ್ಯಾಂಡರಿನ್‌ನಲ್ಲಿ 'ಸಾಂಗ್', ಕ್ಯಾಂಟನೀಸ್‌ನಲ್ಲಿ 'ಸೋಂಗ್' ಎಂಬ ಓದುಗಳಿವೆ. ಜಪಾನಿನಲ್ಲಿ ಚೀನಾದಿಂದ ಬಂದ ಓದು 'ಸೋ', ದೇಸಿ ಓದು 'ಕುವಾ'. ಕೊರಿಯಾದಲ್ಲಿ 'ಸಾಂಗ್', ದೇಸಿ ಪದ 'ಪ್ಪೊಂಗ್'. ವಿಯೆಟ್ನಾಮಿನಲ್ಲಿ 'ತಾಂಗ್', ದೇಸಿ ಪದ ಉತ್ತರದವರ ಬಾಯಲ್ಲಿ 'ಝವು'. ದೇಸಿ ಪದಗಳಿಗೆ ಪರಸ್ಪರ ಸಂಬಂಧವಿಲ್ಲದಿರುವುದನ್ನೂ ಎರವಲು ಓದುಗಳು ಒಂದೇ ಕುಟುಂಬದಂತೆ ಕಾಣುವುದನ್ನೂ ಗಮನಿಸಬೇಕು.

ಎರವಲು ಓದುಗಳ ನಡುವಿನ ವ್ಯತ್ಯಾಸಕ್ಕೆ ನಿಯಮವಿದೆ. ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಜನರಿಗೆ ಇಂಥ ನಿಯಮ ಬಾಯಲ್ಲಿಯೇ ಇದೆ: ತೆಲುಗಿನ ಪಾಲು ಕನ್ನಡದ ಹಾಲು, ತೆಲುಗಿನ ಪುಲಿ ಕನ್ನಡದ ಹುಲಿ, ತೆಲುಗಿನ ಪಾಮು ಕನ್ನಡದ ಹಾವು. ಅಲ್ಲಿ 'ಪ' ಇದ್ದರೆ ಇಲ್ಲಿ 'ಹ' ಎಂದು ಶಾಲೆಯಲ್ಲಿ ಯಾರೂ ಕಲಿಸದಿದ್ದರೂ ಎರಡು ಭಾಷೆಯಾಡುವ ಮಕ್ಕಳಿಗೆ ಅದು ಗೊತ್ತು. ತೆಲುಗು ಮತ್ತು ಕನ್ನಡ ಒಂದೇ ಮೂಲದ ಭಾಷೆಗಳಾದ್ದರಿಂದ ಅಲ್ಲಿನ ಕಾರಣ ಬೇರೆ, ಆದರೆ ಧ್ವನಿಗಳ ಇಂಥ ಕ್ರಮಬದ್ಧ ಹೊಂದಿಕೆ ಎರವಲಿನಲ್ಲಿಯೂ ಕಾಣುತ್ತದೆ. ಚೀನೀ ಭಾಷೆಯ ಹಳೆಯ 'ಸ' ವಿಯೆಟ್ನಾಮಿನ ಎರವಲು ಓದಿನಲ್ಲಿ ಸಾಮಾನ್ಯವಾಗಿ 'ತ' ಆಗುತ್ತದೆ. 'ಮೂರು' ಎಂಬುದು ಮ್ಯಾಂಡರಿನ್ ಮತ್ತು ಜಪಾನಿಯಲ್ಲಿ 'ಸಾನ್', ಕೊರಿಯನ್‌ನಲ್ಲಿ 'ಸಾಮ್', ವಿಯೆಟ್ನಾಮಿಯಲ್ಲಿ 'ತಾಮ್'. 'ಹೃದಯ' ಎಂಬುದು ಮ್ಯಾಂಡರಿನ್ ಮತ್ತು ಜಪಾನಿಯಲ್ಲಿ 'ಶಿನ್', ಕೊರಿಯನ್‌ನಲ್ಲಿ 'ಸಿಮ್', ವಿಯೆಟ್ನಾಮಿಯಲ್ಲಿ 'ತಮ್'. ಹಾಗೆಂದ ಮೇಲೆ 'ಸಾಂಗ್' ವಿಯೆಟ್ನಾಮಿಯಲ್ಲಿ 'ತಾಂಗ್' ಆಗಲೇಬೇಕು. ಜಪಾನಿನಲ್ಲಿ ಪದಾಂತ್ಯದ ಆ ಅನುನಾಸಿಕವನ್ನು ಉಚ್ಚರಿಸುವ ರೂಢಿಯಿರಲಿಲ್ಲವಾಗಿ ಮೊದಲು 'ಸಉ' ಎಂದು ಬರೆದರು, ಅದೇ ಮುಂದೆ 'ಸೋ' ಆಯಿತು. ಈ ಹೊಂದಿಕೆಗೆ ಒಗ್ಗದ ಓದು ಎಲ್ಲಾದರೂ ಕಂಡರೆ ಅದು ದೇಸಿ ಪದವಿರಬಹುದು, ಬೇರೆ ಕಾಲದ ಎರವಲಿರಬಹುದು, ಅಥವಾ ನಿಮಗೆ ಮಾಹಿತಿ ಕೊಟ್ಟವರೇ ತಪ್ಪಿರಬಹುದು.

ಅರ್ಥದ ಚರಿತ್ರೆ

ಅರ್ಥವನ್ನು ಒಂಟಿ ಚಿಹ್ನೆಯಲ್ಲಿ ಹುಡುಕಿ ನಿಲ್ಲಿಸಬಾರದು, ಸಮಾಸಗಳಲ್ಲಿ ನೋಡಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಭಾಗವಿದು, ಹೆಚ್ಚು ಸಮಯವನ್ನು ಇದಕ್ಕೇ ಕೊಡಬೇಕು.

ಪ್ರಾಚೀನ ಚೀನಾದ 'ಕಾವ್ಯಗಳ ಗ್ರಂಥ'ದ ಒಂದು ಪದ್ಯದಲ್ಲಿ ಹಿಪ್ಪುನೇರಳೆ ಮತ್ತು ಕಟಾಲ್ಪಾ ಮರಗಳನ್ನು ಗೌರವದಿಂದ ಕಾಣಬೇಕೆಂಬ ಮಾತು ಬರುತ್ತದೆ. ಹೆತ್ತವರು ಮನೆಯ ಸುತ್ತ ನೆಟ್ಟ ಮರಗಳೆಂಬ ಭಾವದಿಂದ ಈ ಎರಡು ಮರಗಳ ಜೋಡಿಪದ 'ಹುಟ್ಟಿದೂರು' ಎಂಬ ಅರ್ಥ ಪಡೆಯಿತು, ಗ್ರಾಂಥಿಕ ಚೀನೀ ಬರಹದಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ. ಸೂರ್ಯ ಏರಿ ಬರುವ ಪುರಾಣದ ಮರಕ್ಕೆ 'ಫೂಸಾಂಗ್' ಎಂದು ಹೆಸರು. ಅದು ಪೂರ್ವದ ನಾಡಿನ ಹೆಸರಾಗಿ, ಮುಂದೆ ಜಪಾನಿಗೇ ಅನ್ವಯಿಸಿತು, ವಿಯೆಟ್ನಾಮಿನವರೂ ಜಪಾನನ್ನು 'ಫೂ ತಾಂಗ್' ಎಂದು ಕರೆದದ್ದುಂಟು. ಅದೇ ಹಿಪ್ಪುನೇರಳೆಯನ್ನು ಎಲ್ಮ್ ಮರದ ಜೊತೆ ಸೇರಿಸಿದರೆ, ಮರಗಳ ತುದಿಯಲ್ಲಿ ಉಳಿದ ಇಳಿಬಿಸಿಲು ಎಂಬ ಚಿತ್ರದಿಂದ 'ಸಂಜೆ' ಮತ್ತು 'ಮುಪ್ಪು' ಎಂಬ ಅರ್ಥ ಬರುತ್ತದೆ. ಒಂದೇ ಮರ ಒಂದು ಸಮಾಸದಲ್ಲಿ ಸೂರ್ಯೋದಯಕ್ಕೂ ಇನ್ನೊಂದರಲ್ಲಿ ಸೂರ್ಯಾಸ್ತಕ್ಕೂ ನಿಂತಿದೆ. 'ಈ ಚಿಹ್ನೆಯ ಗೂಢಾರ್ಥ ಇಂಥದ್ದೊಂದೇ' ಎಂದು ಯಾರಾದರೂ ಹೇಳಿದರೆ ಈ ಜೋಡಿಯನ್ನು ನೆನಪಿಗೆ ತಂದುಕೊಳ್ಳಬೇಕು.

ಎಲ್ಲ ನಾಲ್ಕು ಭಾಷೆಗಳಿಗೂ ಹರಡಿದ ಪ್ರಯೋಗ 'ಕಡಲು ಹಿಪ್ಪುನೇರಳೆ ಹೊಲವಾಗುವುದು'. ನಾಲ್ಕನೆಯ ಶತಮಾನದ ಗ್ರಂಥಕಾರ ಗೆ ಹೋಂಗ್ ಅವರದೆಂದು ಹೇಳುವ ಅಮರರ ಚರಿತ್ರೆಯಲ್ಲಿ ಮಾಗೂ ಎಂಬ ದೇವಿ, ಪೂರ್ವದ ಕಡಲು ಮೂರು ಬಾರಿ ಹಿಪ್ಪುನೇರಳೆ ಹೊಲವಾದದ್ದನ್ನು ತಾನು ಕಂಡಿದ್ದೇನೆ ಎನ್ನುತ್ತಾಳೆ. ಅಲ್ಲಿಂದ ಅದು ಕಾಲದ ಮಹಾ ಬದಲಾವಣೆಯನ್ನು ಸೂಚಿಸುವ ಮಾತಾಯಿತು. ಕೊರಿಯಾದಲ್ಲಿ ಹೊಲವನ್ನು ಮೊದಲಿಟ್ಟು 'ಸಾಂಗ್‌ಜನ್ ಬ್ಯೊಕ್‌ಹೆ' ಎನ್ನುತ್ತಾರೆ. ವಿಯೆಟ್ನಾಮಿನವರು ಎರವಲು ಓದಿನ 'ತಾಂಗ್' ಅನ್ನು ಬದಿಗಿಟ್ಟು, ಕಡಲು ಮತ್ತು ಹಿಪ್ಪುನೇರಳೆಗೆ ನಿತ್ಯ ಬಳಸುವ ಪದಗಳನ್ನೇ ಜೋಡಿಸಿ 'ಬೆ ಝವು' ಎಂದರು. ಅಲ್ಲಿ ಚಿಹ್ನೆಯೂ ಇಲ್ಲ, ಅದರ ಓದೂ ಇಲ್ಲ, ಅರ್ಥ ಮಾತ್ರ ದಾಟಿ ಬಂದಿದೆ. ಚಿಹ್ನೆಯನ್ನಷ್ಟೇ ಹುಡುಕುವವರ ಕಣ್ಣಿಗೆ ಇಂಥ ಪದ ಬೀಳುವುದೇ ಇಲ್ಲ.

ಹಿಪ್ಪುನೇರಳೆಯ ಉಚ್ಚಾರ ಇನ್ನೊಂದು ಪದದೊಂದಿಗೆ ಗಂಟುಬಿದ್ದಿದೆ. 'ಸಾವಿನ ಶೋಕ' ಎಂಬ ಅರ್ಥದ ಚಿಹ್ನೆಯ ಓದು ಮ್ಯಾಂಡರಿನ್ ಮತ್ತು ಕೊರಿಯನ್‌ನಲ್ಲಿ 'ಸಾಂಗ್', ಜಪಾನಿಯಲ್ಲಿ 'ಸೋ', ವಿಯೆಟ್ನಾಮಿಯಲ್ಲಿ 'ತಾಂಗ್'. ಇದು ಇಂದಿನ ಆಕಸ್ಮಿಕವಲ್ಲ. ಶಕುನದ ಮೂಳೆಗಳ ಮೇಲೆ ಶೋಕದ ಚಿಹ್ನೆಯನ್ನು ಬರೆದಿರುವುದೇ ಹಿಪ್ಪುನೇರಳೆಯ ಮರಕ್ಕೆ ಕೆಲವು 'ಬಾಯಿ'ಗಳನ್ನು ಸೇರಿಸಿ, ಮರವನ್ನು ಅಲ್ಲಿ ಇಟ್ಟದ್ದು ಉಚ್ಚಾರ ತೋರಿಸಲು. ಮನೆಯ ಮುಂದೆ ಹಿಪ್ಪುನೇರಳೆ ನೆಡಬಾರದು, ಹಿಂದೆ ವಿಲ್ಲೋ ಮರ ನೆಡಬಾರದು ಎಂಬ ಗಾದೆ ಚೀನಾದ ಹಳ್ಳಿಗಳಲ್ಲಿದೆ, ಅದರ ಮೊದಲ ಅರ್ಧಕ್ಕೆ ಈ ಸಮಾನ ಉಚ್ಚಾರವೇ ಕಾರಣವೆಂದು ಹೇಳುತ್ತಾರೆ. ಜಪಾನಿನಲ್ಲಿ ಇದಕ್ಕೆ ತದ್ವಿರುದ್ಧ: ಗುಡುಗು ಸಿಡಿಲು ಬಂದಾಗ ರಕ್ಷಣೆಗೆ 'ಕುವಾಬಾರಾ, ಕುವಾಬಾರಾ' ಎನ್ನುವ ರೂಢಿಯಿತ್ತು, ಅಂದರೆ 'ಹಿಪ್ಪುನೇರಳೆ ಬಯಲು'. ಇಲ್ಲಿರುವುದು ದೇಸಿ ಓದು, ಆದ್ದರಿಂದ ಈ ನಂಬಿಕೆಯನ್ನು ಚೀನಾದ ಲೆಕ್ಕಕ್ಕೆ ಬರೆಯಬಾರದು.

ಕೊನೆಗೆ, ಚಿಹ್ನೆಯಲ್ಲಿ ಅರ್ಥವೇ ಇಲ್ಲದ ಸಂದರ್ಭಗಳನ್ನು ಬೇರ್ಪಡಿಸಬೇಕು. ಮ್ಯಾಂಡರಿನ್‌ನಲ್ಲಿ ಹಬೆಸ್ನಾನಕ್ಕೆ 'ಸಾಂಗ್‌ನಾ' ಎನ್ನುತ್ತಾರೆ. ಬರೆಯುವುದು ಹಿಪ್ಪುನೇರಳೆಯ ಚಿಹ್ನೆಯಿಂದಲೇ, ಆದರೆ ಅದು ಸೌನಾ ಎಂಬ ಫಿನ್ನಿಶ್ ಪದದ ಧ್ವನಿಯನ್ನು ಹಿಡಿಯಲು ಮಾತ್ರ. ಜಪಾನಿನವರು ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಹಿಂದೆ ಹಿಪ್ಪುನೇರಳೆ ಮತ್ತು ಬಂದರು ಎಂಬ ಎರಡು ಚಿಹ್ನೆಗಳಿಂದ ಬರೆದು 'ಸೋಕೋ' ಎಂದು ಓದುತ್ತಿದ್ದರು. ಆ ಊರಿನ ಹಿಪ್ಪುನೇರಳೆ ತೋಟಗಳನ್ನು ಹುಡುಕಲು ಹೊರಟರೆ ಶ್ರಮ ವ್ಯರ್ಥ.

ಇದೇ ಕ್ರಮದಲ್ಲಿ ರೇಷ್ಮೆ ಮತ್ತು ಹುಳು

ಹಿಪ್ಪುನೇರಳೆಯ ರೂಪ ಎಲ್ಲ ದೇಶಗಳಲ್ಲಿಯೂ ಒಂದೇ. ರೇಷ್ಮೆಯ ಚಿಹ್ನೆ ಹಾಗಲ್ಲ. ಹಳೆಯ ರೂಪದಲ್ಲಿ ಹುರಿಗೊಂಡ ನೂಲಿನ ಎರಡು ಲಡಿಗಳು ಅಕ್ಕಪಕ್ಕದಲ್ಲಿವೆ, ಒಟ್ಟು 12 ಗೆರೆ. 'ರೇಷ್ಮೆಹುಳು ಉಗುಳುವುದು' ಎಂದು ಶೂ ಶೆನ್ ಅರ್ಥ ಕೊಡುತ್ತಾರೆ. ಜಪಾನ್ 1946ರ ಬಳಕೆಪಟ್ಟಿಯಲ್ಲಿ ಒಂದು ಲಡಿಯನ್ನು ಬಿಟ್ಟು ಆರು ಗೆರೆಗೆ ಇಳಿಸಿತು, ಚೀನಾ 1956ರಿಂದ ಆರಂಭಿಸಿದ ಸರಳೀಕರಣದಲ್ಲಿ ಎರಡನ್ನೂ ಕುಗ್ಗಿಸಿ ಐದು ಗೆರೆಗೆ ತಂದಿತು. ಚೀನಾದ ರೀಲಿಂಗ್ ಯಂತ್ರದ ತಗಡಿನ ಮೇಲಿರುವುದು ಈ ಐದು ಗೆರೆಯ ರೂಪ: 'ಸಾವ್‌ಸೀಜೀ' ಎಂಬ ಮೂರು ಚಿಹ್ನೆಗಳಲ್ಲಿ ನಡುವಿನದು ರೇಷ್ಮೆ, ಮೊದಲಿನದು ನೂಲು ಬಿಚ್ಚುವುದು, ಕೊನೆಯದು ಯಂತ್ರ. ಆದ್ದರಿಂದ ಯಾವ ದೇಶದ ರೂಪವನ್ನು ನೋಡುತ್ತಿದ್ದೇವೆಂದು ತಿಳಿದು, ಹಳೆಯ ಪೂರ್ಣರೂಪಕ್ಕೆ ಹೋಗಿಯೇ ಮೂಲವನ್ನು ಕೇಳಬೇಕು.

ಹುಳುವಿನ ಚಿಹ್ನೆಯಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಜಪಾನ್ ಮತ್ತು ಚೀನಾದ ಇಂದಿನ ರೂಪದಲ್ಲಿ ಮೇಲೆ 'ಸ್ವರ್ಗ', ಕೆಳಗೆ 'ಹುಳು' ಇರುವುದರಿಂದ 'ಸ್ವರ್ಗದ ಹುಳು' ಎಂಬ ವಿವರಣೆ ಪ್ರಚಾರದಲ್ಲಿದೆ. 24 ಗೆರೆಗಳ ಪೂರ್ಣರೂಪದಲ್ಲಿ ಸ್ವರ್ಗವಿಲ್ಲ, ಉಚ್ಚಾರ ತೋರಿಸುವ ಒಂದು ಭಾಗವೂ ಅದರ ಕೆಳಗೆ ಎರಡು ಹುಳುಗಳೂ ಇವೆ.

ಕೊರಿಯಾದ ಪದಗಳನ್ನು ಹುಡುಕುವವರು ಒಂದು ಹೆಚ್ಚಿನ ಹೆಜ್ಜೆ ಇಡಬೇಕು. ಅಲ್ಲಿ 1446ರಲ್ಲಿ ಪ್ರಕಟವಾದ ಹಾಂಗುಲ್ ಲಿಪಿಯಲ್ಲಿಯೇ ಇಂದು ಬಹುತೇಕ ಎಲ್ಲವನ್ನೂ ಬರೆಯುವುದರಿಂದ ಚಿಹ್ನೆ ಕಣ್ಣಿಗೆ ಕಾಣುವುದಿಲ್ಲ, ಮೊದಲು ಕೊರಿಯಾದ ನೇವರ್ ಜಾಲತಾಣದ ಹಾಂಜಾ (ಕೊರಿಯಾದಲ್ಲಿ ಬಳಸುವ ಚೀನೀ ಚಿಹ್ನೆಗಳ) ನಿಘಂಟಿನಂಥ ಕಡೆ ಮೂಲಚಿಹ್ನೆಯನ್ನು ಪತ್ತೆಮಾಡಬೇಕು. ಸೋಲ್ ನಗರದಲ್ಲಿ 'ಜಾಮ್‌ಸಿಲ್' ಎಂಬ ಪ್ರದೇಶವಿದೆ. ದೇಸಿ ಕೊರಿಯನ್‌ನಲ್ಲಿ 'ಜಾಮ್' ಎಂದರೆ ನಿದ್ರೆ, 'ಸಿಲ್' ಎಂದರೆ ನೂಲು. ರೇಷ್ಮೆಯ ನಾಡಿನವರಾದ ನಾವು ಆ ನೂಲನ್ನು ಕಂಡ ಕೂಡಲೇ ಹಿಡಿದುಕೊಂಡುಬಿಡುವ ಸಂಭವವಿದೆ. ಮೂಲಚಿಹ್ನೆಗಳನ್ನು ತೆಗೆದು ನೋಡಿದರೆ ಮೊದಲನೆಯದು ರೇಷ್ಮೆಹುಳು, ಎರಡನೆಯದು ಕೋಣೆ: ಜೋಸನ್ ರಾಜರ ಕಾಲದಲ್ಲಿ ಅಲ್ಲಿದ್ದ ಸರ್ಕಾರಿ ಹುಳು ಮನೆಯ ಹೆಸರೇ ಆ ಬಡಾವಣೆಗೆ ಉಳಿದುಕೊಂಡಿದೆ.